ಮಾತು ಬದಲಿಸುವ ಜೀವಕೋಶಗಳು



ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಸುಳ್ಯದ ಕಡೆಯ ಹುಡುಗನೊಬ್ಬ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ. ರಾತ್ರಿ ಬಸ್ಸಿಗೆ ಹೊರಟು ಬೆಂಗಳೂರಿಗೆ ಬಂದಿದ್ದ. ಕೈಯಲ್ಲಿ ಒಂದು ಸ್ಟೀಲಿನ ಬುತ್ತಿ. ಮುಚ್ಚಳ ತೆಗೆದಾಗ ಒಳಗೆ ಕಂಡದ್ದು ಹತ್ತಿಯಲ್ಲಿ ಸುತ್ತಿಟ್ಟ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮೇಣದ ತುಂಡು. ಅವನ ತಾಯಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಗಡ್ಡೆಯ ಚೂರು ಆ ಮೇಣದಲ್ಲಿ ಹುದುಗಿತ್ತು. ನಾವು ಅದನ್ನು ‘ಬ್ಲಾಕ್’ ಎನ್ನುತ್ತೇವೆ. ಬಿಸಿಲಿಗೆ ಕರಗೀತು ಎಂದು ಯಾರೋ ಹೇಳಿದ್ದರಂತೆ. ಅದಕ್ಕೇ ಬುತ್ತಿ, ಅದಕ್ಕೇ ಹತ್ತಿ.

ಆ ತುಂಡಿನಿಂದ ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಒಂದು ಪದರವನ್ನು ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟೆ. ಈ ಬಣ್ಣದಲ್ಲಿ ಕೋಶದ ನಡುಗಣ್ಣು, ಅಂದರೆ ಕೋಶಕೇಂದ್ರ, ನೇರಳೆಯಾಗಿ ಕಾಣುತ್ತದೆ, ಉಳಿದದ್ದು ತಿಳಿಗುಲಾಬಿ. ಒಂದು ಮೂಲೆಯಲ್ಲಿ ಕೋಶಗಳು ಸಾಲಾಗಿ ನಿಂತು ಉಂಗುರ ಕಟ್ಟಿದ್ದವು. ಉಂಗುರದ ನಡುವೆ ಖಾಲಿ ಜಾಗ, ಅಲ್ಲಲ್ಲಿ ಲೋಳೆ. ಕ್ಯಾನ್ಸರ್ ಹೌದು, ಆದರೂ ನಾಳದ ಆಕಾರವನ್ನು ಇನ್ನೂ ಮರೆತಿರಲಿಲ್ಲ. ಗಾಜನ್ನು ಒಂದಿಷ್ಟೇ ಸರಿಸಿದರೆ ಇನ್ನೊಂದು ಮೂಲೆ. ಅಲ್ಲಿ ಉಂಗುರವಿಲ್ಲ, ಸಾಲಿಲ್ಲ. ದಪ್ಪ ದಪ್ಪ ಕೋಶಗಳು ಗುಂಪುಗುಂಪಾಗಿ, ಒಂದೊಂದು ತನ್ನಷ್ಟಕ್ಕೆ ತಾನೇ ಹೊರಟಂತೆ ಸುತ್ತಲಿನ ನಾರಿನೊಳಗೆ ನುಗ್ಗಿದ್ದವು. ನಾನು ವರದಿಯಲ್ಲಿ ಬರೆದದ್ದು ಒಂದೇ ಹೆಸರು: ಡಕ್ಟಲ್ ಅಡಿನೊಕಾರ್ಸಿನೋಮಾ, ಅಂದರೆ ನಾಳದ ಕ್ಯಾನ್ಸರ್. ಹೆಸರೇನೂ ತಪ್ಪಲ್ಲ. ಆದರೆ ಆ ಎರಡು ಮೂಲೆಗಳ ನಡುವಣ ದೂರ ಆ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ದೂರದ ಬಗ್ಗೆ.

ಮೊದಲು ಗ್ರಂಥಿಯ ವಿಚಾರ. ಜಠರದ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡು, ಸುಮಾರು 15 ಸೆಂಟಿಮೀಟರ್ ಉದ್ದಕ್ಕೆ ಇದು ಅಡ್ಡಡ್ಡಲಾಗಿ ಮಲಗಿದೆ. ಇನ್ಸುಲಿನ್ ಇಲ್ಲಿಯದೇ ಎಂದು ಎಲ್ಲರಿಗೂ ಗೊತ್ತು. ಆದರೆ ಗ್ರಂಥಿಯ ಬಹುಪಾಲು ಇರುವುದು ಬೇರೆ ಕೆಲಸಕ್ಕೆ: ಉಂಡದ್ದನ್ನು ಕರಗಿಸುವ ರಸ ಮಾಡುವುದಕ್ಕೆ. ದಿನಕ್ಕೆ ಒಂದೂವರೆ ಲೀಟರಿನಷ್ಟು ರಸ ಸಣ್ಣ ನಾಳಗಳಿಂದ ದೊಡ್ಡ ನಾಳಕ್ಕೆ, ಅಲ್ಲಿಂದ ಕರುಳಿಗೆ ಹರಿಯುತ್ತದೆ. ಈ ಗ್ರಂಥಿಯ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಈ ನಾಳದ ಬಗೆಯವು. ಎಲ್ಲೋ ಒಳಗೆ ಅಡಗಿರುವುದರಿಂದ ಕೈಗೆ ಸಿಗುವುದಿಲ್ಲ, ಬೇಗ ನೋಯುವುದಿಲ್ಲ. ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಸಾಧ್ಯವಿರುವುದು ನೂರರಲ್ಲಿ ಹದಿನೈದಿಪ್ಪತ್ತು ಮಂದಿಗೆ. ಅಮೆರಿಕದಂಥ ದೇಶದಲ್ಲೇ ಐದು ವರ್ಷ ಬದುಕುಳಿಯುವವರು ನೂರಕ್ಕೆ ಸುಮಾರು 13. ನಮ್ಮ ನೆರೆಯ ಗೋವಾದ ಮುಖ್ಯಮಂತ್ರಿ ಮನೋಹರ ಪರ್ರಿಕರ್ 2019ರ ಮಾರ್ಚ್ 17ರಂದು ತೀರಿಕೊಂಡದ್ದು ಇದೇ ಗ್ರಂಥಿಯ ಕ್ಯಾನ್ಸರಿನಿಂದ. ಮೂಗಿಗೆ ನಳಿಗೆ ಹಾಕಿಕೊಂಡೇ ಅವರು ಕಚೇರಿ ನಡೆಸಿದ ಚಿತ್ರ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ವಂಶವಾಹಿಗಳ ಮಟ್ಟದಲ್ಲಿ ನೋಡಿದರೆ ಈ ಕ್ಯಾನ್ಸರುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಕೆ-ರಾಸ್ ಎಂಬ ಜೀನ್ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಗಡ್ಡೆಗಳಲ್ಲಿ ಕೆಟ್ಟಿರುತ್ತದೆ. ‘ಬೆಳೆ’ ಎಂದು ಹೇಳುವ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡ ಹಾಗೆ. ಜೊತೆಗೆ ಇನ್ನು ಎರಡು ಮೂರು ಕಾವಲು ಜೀನುಗಳು ಕೈಕೊಡುತ್ತವೆ. ಕೆಡುವಿಕೆ ಒಂದೇ ಆದರೆ ನಡೆ ಯಾಕೆ ಬೇರೆ? ಒಬ್ಬರು ಔಷಧಿಗೆ ಒಂದೂವರೆ ವರ್ಷ ತಡೆಯುತ್ತಾರೆ, ಇನ್ನೊಬ್ಬರು ಮೂರು ತಿಂಗಳಲ್ಲಿ ಇಲ್ಲವಾಗುತ್ತಾರೆ, ಯಾಕೆ?

ಇದಕ್ಕೆ ಉತ್ತರ ಹುಡುಕುತ್ತ ಸಂಶೋಧಕರು ಜೀನುಗಳ ಪಟ್ಟಿಯನ್ನು ಬಿಟ್ಟು, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯತೊಡಗಿದರು. 2011ರಲ್ಲಿ ಎರಿಕ್ ಕಾಲಿಸನ್ ಮತ್ತು ಜೊತೆಗಾರರು ಮೂರು ಬಗೆ ಎಂದರು. 2015ರಲ್ಲಿ ಉತ್ತರ ಕೆರೊಲಿನಾದ ರಿಚರ್ಡ್ ಮೊಫಿಟ್, ಜೆನ್ ಜೆನ್ ಯೆ ಅವರ ತಂಡ ಗಡ್ಡೆಯ ಕೋಶಗಳನ್ನು ಸುತ್ತಲಿನ ನಾರಿನಿಂದ ಬೇರ್ಪಡಿಸಿ ಲೆಕ್ಕ ಹಾಕಿ ಎರಡೇ ಬಗೆ ಎಂದಿತು. ಮರುವರ್ಷ ಆಸ್ಟ್ರೇಲಿಯಾದವರು 456 ಗಡ್ಡೆಗಳನ್ನು ಪರೀಕ್ಷಿಸಿ ನಾಲ್ಕು ಎಂದರು. ಆ ನಾಲ್ಕರಲ್ಲಿ ಎರಡಕ್ಕೆ ಮಾದರಿಯೊಳಗೆ ಬೆರೆತಿದ್ದ ಬೇರೆ ಕೋಶಗಳೇ ಬಹುಮಟ್ಟಿಗೆ ಕಾರಣವೆಂದು ಆಮೇಲೆ ತಿಳಿಯಿತು. ಕೊನೆಗೆ ಹೆಚ್ಚಿನವರು ಒಪ್ಪಿ ನಿಂತದ್ದು ಎರಡರಲ್ಲಿ: ಕ್ಲಾಸಿಕಲ್ ಮತ್ತು ಬೇಸಲ್. ಉಂಗುರ ಕಟ್ಟಿದ ಮೂಲೆ ನೆನಪಿದೆಯಲ್ಲ, ಅದು ಸಾಮಾನ್ಯವಾಗಿ ಕ್ಲಾಸಿಕಲ್. ನುಗ್ಗುವ ಮೂಲೆ ಬೇಸಲ್. ಮೊಫಿಟ್ ತಂಡದ ಲೆಕ್ಕದಲ್ಲಿ, ಶಸ್ತ್ರಚಿಕಿತ್ಸೆ ಆದವರಲ್ಲಿಯೂ ಕ್ಲಾಸಿಕಲ್ ಬಗೆಯವರ ಬದುಕಿನ ಮಧ್ಯಾಂಕ 19 ತಿಂಗಳು, ಬೇಸಲ್ ಬಗೆಯವರದು 11. ಟೊರಾಂಟೊದಲ್ಲಿ ನಡೆದ ಕಂಪಾಸ್ ಅಧ್ಯಯನವೂ ಇದನ್ನೇ ಕಂಡಿತು: ಮೂರು ಕೀಮೊ ಔಷಧಿ ಸೇರಿದ ಫೋಲ್ಫಿರಿನಾಕ್ಸ್ ಚಿಕಿತ್ಸೆಗೆ ಕ್ಲಾಸಿಕಲ್ ಗಡ್ಡೆಗಳು ಕುಗ್ಗುತ್ತವೆ, ಬೇಸಲ್ ಗಡ್ಡೆಗಳು ಬಹುಮಟ್ಟಿಗೆ ಜಗ್ಗುವುದಿಲ್ಲ. ಗಾಟಾ-6 ಎಂಬ ಒಂದು ಪ್ರೋಟೀನು ಕ್ಲಾಸಿಕಲ್ ಕೋಶಗಳ ನಡುಗಣ್ಣಿನಲ್ಲಿ ತುಂಬಿರುತ್ತದೆ. ಬೇಸಲ್ ಕೋಶಗಳಲ್ಲಿ ಅದು ಖಾಲಿ. ಒಂದು ಬಣ್ಣದ ಪರೀಕ್ಷೆಯಿಂದ ಇದನ್ನು ಗಾಜಿನ ಮೇಲೆಯೇ ಕಾಣಬಹುದು.

ಇಷ್ಟಕ್ಕೇ ನಿಂತಿದ್ದರೆ ಕೆಲಸ ಸುಲಭವಿತ್ತು. ರಕ್ತದ ಗುಂಪು ನೋಡಿದ ಹಾಗೆ ಗಡ್ಡೆಯ ಬಗೆ ನೋಡಿ ಚೀಟಿ ಅಂಟಿಸಿ ಔಷಧಿ ಬರೆದುಬಿಡಬಹುದಿತ್ತು. ಆದರೆ ಗಡ್ಡೆಯನ್ನು ಇಡಿಯಾಗಿ ಅರೆದು ಅಳೆಯುವ ಬದಲು ಒಂದೊಂದು ಕೋಶವನ್ನೂ ಬಿಡಿಯಾಗಿ ಓದುವ ವಿಧಾನ ಬಂದಮೇಲೆ ಚಿತ್ರ ಬದಲಾಯಿತು. ಟೊರಾಂಟೊದವರೇ 2020ರಲ್ಲಿ ತೋರಿಸಿದರು: ಹೆಚ್ಚಿನ ಗಡ್ಡೆಗಳಲ್ಲಿ ಎರಡೂ ಬಗೆಯ ಕೋಶಗಳು ಒಟ್ಟಿಗೇ ಇವೆ. ಎರಡರ ಗುರುತನ್ನೂ ಒಂದೇ ಮೈಯಲ್ಲಿ ಹೊತ್ತ ಕೋಶಗಳೂ ಇವೆ ಎಂದು ಮುಂದಿನ ಅಧ್ಯಯನಗಳು ಕಂಡವು. ಇವು ಇತ್ತಲಿಂದ ಅತ್ತ ಹೋಗುವ ದಾರಿಯಲ್ಲಿ ಸಿಕ್ಕಿಬಿದ್ದ ಕೋಶಗಳು.

ಹೀಗೆ ಬಗೆ ಬದಲಿಸುವ ಕೋಶವನ್ನು ಕೆಲವರು ಗೋಸುಂಬೆಗೆ ಹೋಲಿಸುತ್ತಾರೆ. ನನಗೆ ಆ ಹೋಲಿಕೆ ಸಾಲದು. ಗೋಸುಂಬೆಯ ಬಣ್ಣ ಬರೀ ತೊಗಲಿನದು. ನಾನು ಹುಟ್ಟಿ ಬೆಳೆದದ್ದು ಪುತ್ತೂರಿನ ಹತ್ತಿರ. ನಮ್ಮಲ್ಲಿ ಒಬ್ಬನೇ ಮನುಷ್ಯ ಮನೆಯೊಳಗೆ ಹವ್ಯಕ ಕನ್ನಡ ಆಡುತ್ತಾನೆ, ಅಡಿಕೆ ತೋಟಕ್ಕಿಳಿದರೆ ತುಳು, ಶಾಲೆಗೆ ಹೋದರೆ ಪುಸ್ತಕದ ಕನ್ನಡ, ಕಾಸರಗೋಡಿನ ಪೇಟೆಯಲ್ಲಿ ಮಲಯಾಳ. ಆಳು ಅವನೇ, ನೆನಪೂ ಅವನದೇ. ಬಾಯಿಗೆ ಯಾವ ಮಾತು ಬರುತ್ತದೆ ಎನ್ನುವುದು ಎದುರಿಗೆ ಯಾರಿದ್ದಾರೆ ಎನ್ನುವುದರ ಮೇಲೆ. ಮಾತು ಬದಲಾದಂತೆ ಅವನ ನಡೆಯೂ ಒಂದಿಷ್ಟು ಬದಲಾಗುವುದನ್ನು ನಾನು ಕಂಡಿದ್ದೇನೆ. ಕ್ಯಾನ್ಸರ್ ಕೋಶದ ಕಥೆ ಹೆಚ್ಚುಕಡಿಮೆ ಹೀಗೆಯೇ. ಒಳಗಿನ ಡಿ.ಎನ್.ಎ. ಅದೇ, ಅದರಲ್ಲಿ ಯಾವ ಪುಟ ತೆರೆದಿದೆ, ಯಾವುದು ಮಡಚಿದೆ ಎಂಬುದು ಬೇರೆ.

ಹಾಗಾದರೆ ಎದುರಿಗೆ ಯಾರಿದ್ದಾರೆ? ಈ ಗಡ್ಡೆಯನ್ನು ಕೊಯ್ದವರಿಗೆ ಗೊತ್ತು, ಅದು ತೆಂಗಿನ ಸಿಪ್ಪೆಯ ಹಾಗೆ ಗಟ್ಟಿ. ಎಷ್ಟೋ ಗಡ್ಡೆಗಳಲ್ಲಿ ಕ್ಯಾನ್ಸರ್ ಕೋಶಗಳದು ಸಣ್ಣ ಪಾಲು. ಉಳಿದದ್ದೆಲ್ಲ ನಾರು, ನಾರು ಹೆಣೆಯುವ ಕೋಶಗಳು, ನರಗಳು, ಉರಿಯೂತಕ್ಕೆ ಓಡಿಬಂದ ಬಿಳಿಕೋಶಗಳು. ಇವು ಸುಮ್ಮನಿರುವುದಿಲ್ಲ. ನಾರಿನ ಕೋಶಗಳು ಟಿ.ಜಿ.ಎಫ್.-ಬೀಟಾ ಎಂಬ ಸಂಕೇತವನ್ನು ಸುರಿಸುತ್ತವೆ. ಮ್ಯಾಕ್ರೊಫೇಜ್ ಎಂಬ ಬಿಳಿಕೋಶಗಳು ಟಿ.ಎನ್.ಎಫ್. ಎಂಬ ಉರಿಯೂತದ ಸಂಕೇತವನ್ನು ಕೊಡುತ್ತವೆ. ಆ ಸಂಕೇತ ತಗುಲಿದ ಕ್ಲಾಸಿಕಲ್ ಕೋಶಗಳು ಬೇಸಲ್ ಕಡೆಗೆ ವಾಲುತ್ತವೆ ಎಂದು ಜರ್ಮನಿಯ ಗೊಟ್ಟಿಂಗೆನ್‌ನ ತಂಡ 2021ರಲ್ಲಿ ತೋರಿಸಿತು.

ಅದೇ ವರ್ಷ ಬಾಸ್ಟನ್ನಿನಿಂದ ಒಂದು ಕೆಲಸ ಹೊರಬಂತು. ಇದನ್ನು ನಾನು ಹಲವು ಸಲ ಓದಿದ್ದೇನೆ. ಶ್ರೀವತ್ಸನ್ ರಾಘವನ್ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ಜೊತೆಗಾರರು, ಕ್ಯಾನ್ಸರ್ ಹರಡಿದ್ದ ರೋಗಿಗಳಿಂದ ಸೂಜಿಯಲ್ಲಿ ತೆಗೆದ ಚೂರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನ ಕೋಶಗಳನ್ನು ಅಲ್ಲಿಂದಲ್ಲಿಗೇ ಒಂದೊಂದಾಗಿ ಓದಿದರು. ಇನ್ನೊಂದು ಪಾಲನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಬೆಳೆಸುವುದು ಹೀಗೆ: ತಣ್ಣಗಿದ್ದಾಗ ನೀರಾಗಿರುವ, ಬೆಚ್ಚಗಾದರೆ ಹೆಪ್ಪುಗಟ್ಟುವ ಒಂದು ಅಂಟಿನ ಹನಿಯೊಳಗೆ ಕೋಶಗಳನ್ನು ಬೆರೆಸಿ ತಟ್ಟೆಯ ಮೇಲೆ ಬಿಡುತ್ತಾರೆ. ಹನಿ ಪುಟ್ಟ ಗುಮ್ಮಟದಂತೆ ನಿಲ್ಲುತ್ತದೆ. ಮೇಲೆ ಪೋಷಕ ದ್ರವ ಹೊಯ್ದು ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಇಟ್ಟರೆ, ದಿನಗಳೆದಂತೆ ಗುಮ್ಮಟದೊಳಗೆ ಸಣ್ಣ ಸಣ್ಣ ಟೊಳ್ಳುಗುಂಡುಗಳು ಬೆಳೆಯುತ್ತವೆ. ಇವೇ ಆರ್ಗನಾಯ್ಡುಗಳು. ರೋಗಿಯ ಗಡ್ಡೆಯ ಪ್ರತಿರೂಪವೆಂದು ಇವುಗಳ ಮೇಲೆ ಔಷಧಿ ಪರೀಕ್ಷಿಸುವುದು ವಾಡಿಕೆ.

ಆದರೆ ಪ್ರತಿರೂಪ ಮೂಲದಂತಿರಲಿಲ್ಲ. ರೋಗಿಯ ಮೈಯಲ್ಲಿ ಬೇಸಲ್ ಆಗಿದ್ದ ಕೋಶಗಳು ಗುಮ್ಮಟದೊಳಗೆ ಬೆಳೆಯುತ್ತ ಆ ಗುಣವನ್ನು ಕಳೆದುಕೊಂಡವು. ಕೆಲವು ಬೆಳೆಯಲೇ ಇಲ್ಲ. ಊರಿನ ಮಗುವನ್ನು ದೂರದ ಹಾಸ್ಟೆಲಿಗೆ ಹಾಕಿದರೆ ನಾಲ್ಕು ವರ್ಷದಲ್ಲಿ ಮನೆಮಾತು ಮರೆಯುತ್ತದಲ್ಲ, ಹಾಗೆ. ಸಂಶೋಧಕರು ಪೋಷಕ ದ್ರವವನ್ನು ಬದಲಿಸಿದರು. ಕೋಶಗಳು ಅದಕ್ಕೆ ತಕ್ಕಂತೆ ಬದಲಾದವು. ಟಿ.ಜಿ.ಎಫ್.-ಬೀಟಾದಂಥ, ಗಡ್ಡೆಯ ನೆರೆಕರೆಯ ಸಂಕೇತಗಳನ್ನು ಸೇರಿಸಿದಾಗ ಮೈಯಲ್ಲಿ ಕಂಡಿದ್ದ ಸ್ಥಿತಿಗಳು ಮರಳಿ ಬಂದವು. ನನಗೆ ತುಂಬ ಮುಖ್ಯವೆಂದು ತೋರಿದ ಮಾತು ಮುಂದಿನದು. ಸ್ಥಿತಿ ಬದಲಾದಾಗ ಔಷಧಿಗೆ ತೋರುವ ಪ್ರತಿಕ್ರಿಯೆಯೂ ಬದಲಾಯಿತು. ಅದೇ ರೋಗಿಯ ಅದೇ ಕೋಶ, ಒಂದು ದ್ರವದಲ್ಲಿ ಔಷಧಿಗೆ ಬಾಗಿತು, ಇನ್ನೊಂದರಲ್ಲಿ ಬಾಗಲಿಲ್ಲ. ತಟ್ಟೆಯಲ್ಲಿ ಗೆದ್ದ ಎಷ್ಟೋ ಔಷಧಿಗಳು ರೋಗಿಯಲ್ಲಿ ಸೋತದ್ದು ಯಾಕೆ ಎಂಬುದಕ್ಕೆ ಇದೊಂದು ಉತ್ತರ ಎಂದು ನಾನು ನಂಬಿದ್ದೇನೆ. ನಾವು ಹಾಸ್ಟೆಲಿನ ಮಗುವನ್ನು ಮಾತಾಡಿಸಿ ಮನೆಯ ಗುಟ್ಟು ತಿಳಿಯಿತು ಎಂದುಕೊಂಡಿದ್ದೆವು.

ಎಲ್ಲವೂ ಹೀಗೆ ಹೊಂದಿಕೊಳ್ಳುವುದೇ ಎಂದು ಹೇಳಿದರೆ ಅದು ಅತಿಯಾದೀತು. ಕೆಲವು ಗಡ್ಡೆಗಳಲ್ಲಿ ಕೆಟ್ಟ ಕೆ-ರಾಸ್ ಜೀನಿನ ಪ್ರತಿಗಳೇ ಹೆಚ್ಚಾಗಿಬಿಡುತ್ತವೆ. ಅಂಥವು ಉಗ್ರವಾಗುತ್ತವೆ ಎಂದು ಮ್ಯೂನಿಕ್‌ನ ರೋಲಾಂಡ್ ರಾಡ್ ಅವರ ತಂಡ 2018ರಲ್ಲಿ ಇಲಿಗಳಲ್ಲಿ ಕಂಡಿತ್ತು. ಅಲ್ಲಿ ಬದಲಾದದ್ದು ಪುಸ್ತಕವೇ, ತೆರೆದ ಪುಟ ಮಾತ್ರ ಅಲ್ಲ. ಅಂಥ ಕೋಶ ಹಿಂದಕ್ಕೆ ಬರುವುದು ಕಷ್ಟ.

ಮಾತು ಬದಲಿಸುವ ಈ ಚಾಳಿಯನ್ನು ಕ್ಯಾನ್ಸರ್ ಎಲ್ಲಿಂದ ಕಲಿಯಿತು? ನನ್ನ ಉತ್ತರ: ಆ ಗ್ರಂಥಿಯಿಂದಲೇ. ರಸ ಮಾಡುವ ಆರೋಗ್ಯವಂತ ಕೋಶಗಳ ಬಗ್ಗೆ ಯೋಚಿಸಿ. ಮಾಂಸವನ್ನೇ ಕರಗಿಸುವ ಕಿಣ್ವಗಳನ್ನು ತಮ್ಮೊಳಗೆ ತುಂಬಿಕೊಂಡಿರುತ್ತವೆ. ಉರಿಯೂತ ಬಂದು ಗ್ರಂಥಿ ಬಾತರೆ ಆ ಕಿಣ್ವ ತನ್ನ ಮನೆಯನ್ನೇ ಸುಡುತ್ತದೆ. ಆಗ ಈ ಕೋಶಗಳು ಒಂದು ಉಪಾಯ ಮಾಡುತ್ತವೆ: ರಸ ಮಾಡುವ ಕೆಲಸ ನಿಲ್ಲಿಸಿ, ತಾತ್ಕಾಲಿಕವಾಗಿ ನಾಳದ ಕೋಶಗಳ ರೂಪ ತಾಳುತ್ತವೆ. ಉರಿ ಇಳಿದಮೇಲೆ ಮರಳಿ ತಮ್ಮ ಕೆಲಸಕ್ಕೆ ಬರುತ್ತವೆ. ಇಲಿಗಳಲ್ಲಿ ಇದೆಲ್ಲ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ. ಉರಿಯುವ ಒಲೆಯನ್ನು ಆರಿಸಿಟ್ಟು ಬಿರುಗಾಳಿ ಕಳೆಯಲಿ ಎಂದು ಕಾಯುವ ಮನೆಯವರ ವಿವೇಕ ಇದು. ಆದರೆ ಕೆ-ರಾಸ್ ಕೆಟ್ಟ ಕೋಶ ಹೀಗೆ ರೂಪ ಬದಲಿಸಿದರೆ ಮರಳುವುದಿಲ್ಲ. ಆ ಅರ್ಧದಾರಿಯಲ್ಲೇ ನಿಂತು ಬೆಳೆಯತೊಡಗುತ್ತದೆ. ಮ್ಯಾಡ್ರಿಡ್‌ನ ಮರಿಯಾನೊ ಬಾರ್ಬಸಿಡ್ ಅವರ ತಂಡ 2007ರಲ್ಲಿ ಇದರಲ್ಲಿ ಉರಿಯೂತದ ಪಾತ್ರವನ್ನು ಖಚಿತಪಡಿಸಿತು. ಬೆಳೆದ ಇಲಿಗಳ ರಸಕೋಶಗಳಲ್ಲಿ ಬರೀ ಕೆ-ರಾಸ್ ಕೆಡಿಸಿದರೆ ಕ್ಯಾನ್ಸರ್ ಬರಲಿಲ್ಲ. ಗ್ರಂಥಿಗೆ ದೀರ್ಘ ಉರಿಯೂತವೂ ಸೇರಿದಾಗ ಬಂತು.

ಇಲ್ಲಿ ನಮ್ಮ ದಕ್ಷಿಣ ಭಾರತದ ಒಂದು ಸಂಗತಿ ಹೇಳಲೇಬೇಕು. ಗ್ರಂಥಿಯ ನಾಳಗಳಲ್ಲಿ ಸುಣ್ಣದ ಕಲ್ಲುಗಳು ಕಟ್ಟಿಕೊಂಡು, ಕುಡಿತದ ಸೋಂಕೂ ಇಲ್ಲದ ಎಳೆಯರಲ್ಲಿ ಹೊಟ್ಟೆನೋವು, ಸಕ್ಕರೆ ಕಾಯಿಲೆ ತರುವ ಒಂದು ದೀರ್ಘ ಉರಿಯೂತ ನಮ್ಮ ಕಡೆ ಇದೆ. ಕೇರಳದ ವೈದ್ಯ ಪಿ.ಜೆ. ಗೀವರ್ಗೀಸ್ 1960ರ ದಶಕದಲ್ಲಿ ನೂರಾರು ರೋಗಿಗಳನ್ನು ನೋಡಿ ಇದನ್ನು ವಿವರವಾಗಿ ದಾಖಲಿಸಿದರು. ಈ ರೋಗಿಗಳಲ್ಲಿ ಮುಂದೆ ಮೇದೋಜೀರಕದ ಕ್ಯಾನ್ಸರ್ ಬರುವ ಅಪಾಯ ಇತರರಿಗಿಂತ ಬಹಳ ಹೆಚ್ಚು, ಅದೂ ಚಿಕ್ಕ ವಯಸ್ಸಿಗೇ. ನೆರೆಯ ಉರಿಯೂತ ಕೋಶದ ಮಾತನ್ನು ಬದಲಿಸುತ್ತದೆ ಎಂಬುದು ಬಾಸ್ಟನ್ನಿನ ತಟ್ಟೆಗೆ ಮಾತ್ರ ಸೇರಿದ ವಿಷಯವಲ್ಲ.

ಇನ್ನು ಔಷಧಿ. ದಶಕಗಳ ಕಾಲ ಕೆ-ರಾಸ್‌ಗೆ ಮದ್ದಿಲ್ಲ ಎಂದೇ ಹೇಳುತ್ತಿದ್ದರು. ಅದರ ಮೈ ನುಣುಪು, ಔಷಧಿ ಹಿಡಿದುಕೊಳ್ಳಲು ಜಾಗವಿಲ್ಲ ಎಂದು. ಈಗ ಹಿಡಿಯುವ ಗುಳಿಗೆಗಳು ಬಂದಿವೆ, ಹಲವು ಪರೀಕ್ಷೆಯಲ್ಲಿವೆ. ನಮ್ಮಂಥವರಿಗೆ ಇದು ಕಣ್ಣು ತುಂಬುವ ಸುದ್ದಿ. ಆದರೆ ಕೋಶ ಇಲ್ಲಿಯೂ ಮಾತು ಬದಲಿಸುತ್ತದೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆ-ರಾಸ್ ತಡೆದಾಗ ಮೊದಲ ಪೆಟ್ಟಿಗೆ ಬಿದ್ದದ್ದು ಬೇಸಲ್ ಕಡೆಯ ಕೋಶಗಳು. ಬದುಕುಳಿದವು ಕ್ಲಾಸಿಕಲ್ ಸ್ಥಿತಿಯಲ್ಲಿದ್ದವು. ಕೀಮೊ ಕೊಟ್ಟಾಗ ಸಾಧುವಾಗಿ ಕಂಡ ಕ್ಲಾಸಿಕಲ್, ಈ ಔಷಧಿಗೆ ಅಡಗುತಾಣವಾಯಿತು. ಹಾಗಾದರೆ ಯಾವುದು ಒಳ್ಳೆಯ ಬಗೆ, ಯಾವುದು ಕೆಟ್ಟದು? ಆ ಪ್ರಶ್ನೆಯೇ ಸರಿಯಿಲ್ಲ. ಯಾವ ಔಷಧಿಯ ಮುಂದೆ ಎಂದು ಕೇಳಬೇಕು. ಒಂದು ಔಷಧಿ ಕೋಶವನ್ನು ಎತ್ತ ತಳ್ಳುತ್ತದೋ ಅತ್ತ ಇನ್ನೊಂದು ಔಷಧಿ ಕಾದಿರಬೇಕು. ಸಂಶೋಧನೆ ಈಗ ಸಾಗುತ್ತಿರುವ ದಿಕ್ಕು ಇದು, ಮತ್ತು ಇದು ಸರಿಯಾದ ದಿಕ್ಕು ಎಂದು ನನ್ನ ದೃಢವಾದ ಅಭಿಪ್ರಾಯ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕ್ಲಾಸಿಕಲ್, ಬೇಸಲ್ ಎಂದು ನೋಡಿ ಚಿಕಿತ್ಸೆ ಆರಿಸುವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಆಸ್ಪತ್ರೆಯ ದಿನನಿತ್ಯದ ಪದ್ಧತಿಯಾಗಿಲ್ಲ. ನಿಮ್ಮವರಿಗೆ ಈ ಕಾಯಿಲೆ ಬಂದಿದ್ದರೆ ಈ ಪರೀಕ್ಷೆಗಾಗಿ ಹೊಲ ಮನೆ ಅಡವಿಡಬೇಡಿ. ಬ್ರಾಕಾ ಮುಂತಾದ ವಂಶಪಾರಂಪರ್ಯದ ಜೀನುಗಳ ಪರೀಕ್ಷೆಯ ಮಾತು ಬೇರೆ. ಅದರಿಂದ ಚಿಕಿತ್ಸೆಗೂ ಮಕ್ಕಳಿಗೂ ಉಪಯೋಗವಿದೆ, ವೈದ್ಯರನ್ನು ಕೇಳಿ. ಐವತ್ತು ದಾಟಿದವರಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಶುರುವಾಗಿ, ಕಾರಣವಿಲ್ಲದೆ ತೂಕವೂ ಇಳಿಯುತ್ತಿದ್ದರೆ, ನೋವಿಲ್ಲದ ಕಾಮಾಲೆ ಬಂದರೆ, ಮನೆಮದ್ದಿನಲ್ಲಿ ತಿಂಗಳು ಕಳೆಯದೆ ಒಂದು ಸ್ಕ್ಯಾನ್ ಮಾಡಿಸಿ. ಆ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಹೊಸದಾಗಿ ಬಂದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಈ ಕ್ಯಾನ್ಸರ್ ಇರುವುದಿಲ್ಲ. ಇರುವ ಒಬ್ಬರಿಗಾಗಿ ಈ ಮಾತು.

ಸುಳ್ಯದ ಆ ಹುಡುಗನ ತಾಯಿ ಒಂಬತ್ತು ತಿಂಗಳು ಬದುಕಿದರು. ಬ್ಲಾಕ್ ವಾಪಸು ಕೊಂಡೊಯ್ಯಲು ಬಂದಾಗ ಅವನು ಕೇಳಿದ, ‘ಇದನ್ನು ಇನ್ನು ಇಟ್ಟು ಏನು ಮಾಡಲಿ ಸಾರ್?’ ಇಡು ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಗಡ್ಡೆ ತೆಗೆದಿದ್ದರೆ ಆ ಮೇಣದ ತುಂಡು ಎಲ್ಲಿದೆ ಎಂದು ವಿಚಾರಿಸಿ. ಅದರ ಮೇಲಿನ ಸಂಖ್ಯೆಯನ್ನು ವರದಿಯ ಜೊತೆ ಬರೆದಿಟ್ಟುಕೊಳ್ಳಿ. ಬಿಸಿಲು, ಒಲೆ, ಕಾರಿನ ಡ್ಯಾಶ್‌ಬೋರ್ಡು ಇವುಗಳಿಂದ ದೂರ ಇಡಿ. ತಂಪಾದ ಒಣ ಜಾಗದಲ್ಲಿ ಅದು ಹತ್ತಾರು ವರ್ಷ ಕೆಡದೆ ಉಳಿಯುತ್ತದೆ.